ಮೊಣಕಾಲಿನ ಕುರಿತ ನಿಮ್ಮ ಲೇಖನ: ಸಂಪಾದಕರ ಉತ್ತರ

ಮಾನ್ಯರೇ,

ಮೊಣಕಾಲಿನ ರಚನೆ ಮತ್ತು ಕಾರ್ಯವನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೆ ವಿಷಯ ಒಳ್ಳೆಯದು, ನಿಮ್ಮ ಭಾಷೆಯೂ ಸ್ವಚ್ಛವಾಗಿದೆ. ಹಾಗಾಗಿ ಕಾರಣಗಳನ್ನು ಬಿಚ್ಚಿಯೇ ಬರೆಯುತ್ತಿದ್ದೇನೆ.

ಲೇಖನದ ಮೊದಲರ್ಧದಲ್ಲಿ ಮೂಳೆ, ಅಸ್ಥಿರಜ್ಜು (ಮೂಳೆಗೆ ಮೂಳೆಯನ್ನು ಬಿಗಿಯುವ ಪಟ್ಟಿ), ಸ್ನಾಯುಗಳ ಹೆಸರುಗಳು ಸಾಲಾಗಿ ಬರುತ್ತವೆ, ಆದರೆ ಅವುಗಳಲ್ಲಿ ಒಂದಾದರೂ ಕೆಲಸ ಮಾಡುವುದು ಓದುಗರಿಗೆ ಕಾಣುವುದಿಲ್ಲ. ಆ ಸಾಲಿನಲ್ಲೂ ಒಂದು ತಪ್ಪು ನುಸುಳಿದೆ. ಕೀಲಿನಲ್ಲಿ ಕೂಡುವುದು ತೊಡೆಮೂಳೆ, ಟಿಬಿಯಾ (ಮಂಡಿಯ ಕೆಳಗಿನ ದಪ್ಪ ಮೂಳೆ) ಮತ್ತು ಮಂಡಿಚಿಪ್ಪು ಮಾತ್ರ. ನೀವು ಸೇರಿಸಿರುವ ಫಿಬ್ಯುಲಾಕ್ಕೆ, ಅಂದರೆ ಟಿಬಿಯಾದ ಪಕ್ಕದ ತೆಳು ಮೂಳೆಗೆ, ಹೊರಬದಿಯ ಅಸ್ಥಿರಜ್ಜು ಅಂಟಿಕೊಂಡಿದ್ದರೂ ಅದು ಈ ಕೀಲಿನ ಭಾಗವಲ್ಲ.

ಇದಕ್ಕಿಂತ ದೊಡ್ಡ ತೊಡಕು, ಮೊಣಕಾಲು ಬಾಗಿಲ ತಿರುಗಣಿಯಂತೆ ಎಂಬ ನಿಮ್ಮ ಹೋಲಿಕೆ. ತಿರುಗಣಿಗೆ ಸ್ಥಿರವಾದ ಒಂದು ಅಚ್ಚು ಇರುತ್ತದೆ, ಮೊಣಕಾಲಿಗೆ ಇಲ್ಲ. ಕಾಲು ಮಡಚುವಾಗ ತೊಡೆಮೂಳೆಯ ದುಂಡನೆಯ ತುದಿಗಳು ಟಿಬಿಯಾದ ಮೇಲೆ ಉರುಳುತ್ತಲೇ ಜಾರುತ್ತವೆ. ಬರೀ ಉರುಳಿದ್ದರೆ ಅವು ಟಿಬಿಯಾದ ಹಿಂಬದಿಯ ಅಂಚನ್ನು ದಾಟಿಬಿಡುತ್ತಿದ್ದವು. ಕಾಲನ್ನು ಪೂರ್ತಿ ನೆಟ್ಟಗೆ ಮಾಡುವ ಕೊನೆಯ ಸುಮಾರು 20 ಡಿಗ್ರಿಯಲ್ಲಿ ಟಿಬಿಯಾ ತುಸು ಹೊರಕ್ಕೆ ತಿರುಗಿ ಕೀಲು ಬಿಗಿಯಾಗುತ್ತದೆ, ಅದರಿಂದಲೇ ತೊಡೆಯ ಸ್ನಾಯುಗಳನ್ನು ಹೆಚ್ಚು ದಣಿಸದೆ ನಾವು ನಿಲ್ಲಬಲ್ಲೆವು. ಮತ್ತೆ ಮಡಚಲು ಹೊರಟಾಗ ಆ ಬಿಗಿಯನ್ನು ಸಡಿಲಿಸುವುದು ಮಂಡಿಯ ಹಿಂಬದಿಯಲ್ಲಿರುವ ಪಾಪ್ಲಿಟಿಯಸ್ ಎಂಬ ಪುಟ್ಟ ಸ್ನಾಯು. ನನ್ನ ದೃಷ್ಟಿಯಲ್ಲಿ ಲೇಖನದ ಜೀವಾಳ ಇದೇ, ನಿಮ್ಮಲ್ಲಿ ಇದರ ಸುಳಿವೇ ಇಲ್ಲ. ಕುರ್ಚಿಯ ಮೇಲೆ ಕುಳಿತು, ಚಿಪ್ಪಿನ ಕೆಳಗಿನ ಮೂಳೆಯ ಉಬ್ಬಿನ ಮೇಲೆ ಬೆರಳಿಟ್ಟು, ಕಾಲನ್ನು ಮೆಲ್ಲಗೆ ಚಾಚುತ್ತಾ ಹೋದರೆ ಆ ಉಬ್ಬು ಕೊನೆಯಲ್ಲಿ ಹೊರಬದಿಗೆ ಸರಿಯುವುದು ತಿಳಿಯುತ್ತದೆ. ಲೇಖನವನ್ನು ಅಲ್ಲಿಂದಲೇ ಆರಂಭಿಸಿ.

ಮೆನಿಸ್ಕಸ್ ಅನ್ನು, ಅಂದರೆ ತೊಡೆಮೂಳೆ ಮತ್ತು ಟಿಬಿಯಾದ ನಡುವೆ ಒಳಬದಿಗೊಂದು ಹೊರಬದಿಗೊಂದರಂತೆ ಇರುವ ಬಾಗಿದ ಪಟ್ಟಿಯನ್ನು, ಬರೀ ‘ಮೆತ್ತೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ತೊಡೆಮೂಳೆಯ ತುದಿ ದುಂಡಗೆ, ಟಿಬಿಯಾದ ನೆತ್ತಿ ಹೆಚ್ಚುಕಡಿಮೆ ಚಪ್ಪಟೆ. ಇವೆರಡರ ನಡುವಿನ ಹೊಂದಾಣಿಕೆಯ ಕೊರತೆಯನ್ನು ತುಂಬಿ ಭಾರವನ್ನು ಹರಡುವುದು ಈ ಬಾಗಿದ ಪಟ್ಟಿಗಳೇ. ಒಳಬದಿಯದು ಪಕ್ಕದ ಅಸ್ಥಿರಜ್ಜಿಗೆ ಅಂಟಿಕೊಂಡಿರುವುದರಿಂದ ಕಡಿಮೆ ಸರಿದಾಡುತ್ತದೆ, ಊರಿದ ಕಾಲಿನ ಮೇಲೆ ದೇಹ ತಿರುಚಿದಾಗ ಅದೇ ಹೆಚ್ಚಾಗಿ ಹರಿದುಹೋಗುತ್ತದೆ. ಪ್ರತಿ ಪಟ್ಟಿಯ ಹೊರ ಅಂಚಿಗೆ ರಕ್ತ ಸಿಗುತ್ತದೆ, ಒಳ ಅಂಚಿಗೆ ಸಿಗುವುದಿಲ್ಲ. ಆದ್ದರಿಂದ ‘ಹರಿದದ್ದು ವಿಶ್ರಾಂತಿಯಿಂದ ತಾನೇ ಕೂಡುತ್ತದೆ’ ಎಂಬ ನಿಮ್ಮ ಮಾತು ಎಲ್ಲ ಸಂದರ್ಭಕ್ಕೂ ನಿಲ್ಲದು.

ಮಂಡಿಚಿಪ್ಪಿನ ಬಗ್ಗೆಯಾದರೆ, ಅದು ಸ್ನಾಯುರಜ್ಜನ್ನು (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿಯನ್ನು) ಕೀಲಿನಿಂದ ಮುಂದಕ್ಕೆ ಎತ್ತಿಹಿಡಿದು ತೊಡೆಸ್ನಾಯುವಿನ ಎಳೆತಕ್ಕೆ ಬಲ ಕೂಡಿಸುತ್ತದೆ ಎಂಬ ಒಂದು ವಾಕ್ಯ ಸಾಕು.

ಎಣ್ಣೆ ತಿಕ್ಕಿದರೆ ಸವೆದ ಮೃದ್ವಸ್ಥಿ (ಮೂಳೆಯ ತುದಿಗಳನ್ನು ಹೊದ್ದಿರುವ ನುಣುಪಾದ ಪದರ) ಮರಳಿ ಬೆಳೆಯುತ್ತದೆ ಎಂಬ ಕೊನೆಯ ಪುಟದ ಸಲಹೆಯನ್ನು ಮಾತ್ರ ದಯವಿಟ್ಟು ಪೂರ್ತಿ ತೆಗೆಯಿರಿ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಎಣ್ಣೆ ತಿಕ್ಕಿದರೆ ಹಿತವೆನಿಸಬಹುದು, ಸವೆದದ್ದು ಮರಳಿ ಬೆಳೆಯುವುದಿಲ್ಲ. ನೋವಿನಲ್ಲಿರುವವರು ಅಚ್ಚಾದ ಮಾತನ್ನು ನಂಬಿ ಚಿಕಿತ್ಸೆಯನ್ನು ಮುಂದೂಡುತ್ತಾರೆ ಎಂಬುದೇ ನನ್ನ ಆತಂಕ. ತಿದ್ದಿದ ಪ್ರತಿಯನ್ನು ಒಬ್ಬ ಮೂಳೆತಜ್ಞರಿಗೆ ತೋರಿಸಿ ಕಳುಹಿಸಿ, ಮತ್ತೆ ಓದುತ್ತೇನೆ.