ಪೆನಾಲ್ಟಿ ಶೂಟೌಟ್ ಲಾಟರಿಯಲ್ಲ

ನಿಮ್ಮ ಫುಟ್‌ಬಾಲ್ ಟೂರ್ನಿಯಲ್ಲಿ, ಸೋತವರು ಹೊರಬೀಳುವ ನಾಕೌಟ್ ಪಂದ್ಯ ಸಮ ಆದರೆ ಎಕ್ಸ್‌ಟ್ರಾ ಟೈಮ್ ಆಡಿಸಬೇಕಾ, ಲಾಟರಿಯಂಥ ಪೆನಾಲ್ಟಿಗೆ ನೇರವಾಗಿ ಹೋಗಬೇಕಾ ಅಂತ ಕೇಳಿದ್ದೀರಿ. ಆ ಲಾಟರಿ ಅನ್ನುವ ಮಾತು ನಮ್ಮ ಕಾಲೇಜು ಟೀಮಿನಲ್ಲೂ ಎಲ್ಲರ ಬಾಯಲ್ಲಿತ್ತು. ಅದನ್ನು ನಂಬಿ, ನಿಯಮ ಓದದೆಯೇ ಸೆಮಿಫೈನಲ್ ಸೋತೆವು.

ಆ ಟೂರ್ನಿಯಲ್ಲಿ ಸಮ ಆದರೆ ನೇರ ಶೂಟೌಟ್, ಅಂದರೆ ಎರಡೂ ತಂಡದವರು ಸರದಿಯಂತೆ ಐದೈದು ಪೆನಾಲ್ಟಿ ಒದೆಯುವುದು. ನಮ್ಮಲ್ಲಿ ನಂಬಿಕೆಯಿಟ್ಟು ಪೆನಾಲ್ಟಿ ಒದೆಯಲು ಬಿಡಬಹುದಾಗಿದ್ದವನು ಸ್ಟಾಪರ್ ಬ್ಯಾಕ್, ರಕ್ಷಣೆಯ ನಡುವೆ ಆಡುವವನು. ಕೊನೆಯ ನಿಮಿಷಗಳಲ್ಲಿ ಅವನ ಮೀನಖಂಡ ಹಿಡಿದುಕೊಂಡಿತು. ಬೆಂಚಿನವರು ಅವನನ್ನು ಹೊರಗೆ ಕರೆದು ಬದಲಿ ಆಟಗಾರನನ್ನು ಇಳಿಸಿದರು. ಪೆನಾಲ್ಟಿಗೆ ಹೇಗೂ ಬಂದು ಒದೀತಾನೆ, ಅಷ್ಟರಲ್ಲಿ ಕಾಲು ಸರಿಹೋಗುತ್ತೆ ಎಂಬ ಲೆಕ್ಕ. ರೆಫರಿ ಅವನನ್ನು ಗೆರೆಯಾಚೆಯೇ ನಿಲ್ಲಿಸಿದರು. ಆಟ ಮುಗಿದಾಗ ಕಣದಲ್ಲಿದ್ದವರಷ್ಟೇ ಒದೆಯಬೇಕು, ನಿಯಮ ಅದೇ. ಗಾಯಕ್ಕೆ ಔಷಧಿ ಹಚ್ಚಿಸಿಕೊಳ್ಳಲು ಹೊರಗೆ ಹೋದವನಿಗೆ ಅಡ್ಡಿಯಿಲ್ಲ, ಬದಲಿ ಕೊಟ್ಟು ಹೋದವನಿಗೆ ಅವಕಾಶವಿಲ್ಲ. ಅಂದರೆ ಬದಲಿ ಇಳಿಸದೆ ಗೆರೆಯಾಚೆ ಕೂರಿಸಿ ಕಾಲು ತಿಕ್ಕಿಸಿದ್ದರೂ ಸಾಕಿತ್ತು. ಅವನು ಕುಂಟುತ್ತ ಮೈದಾನದ ಅಂಚಿನಲ್ಲಿ ಸುಮ್ಮನೆ ನಿಂತಿದ್ದರೂ ಸಾಕಿತ್ತು! ಹತ್ತು ಜನರ ಮೇಲೆ ಎದುರಾಳಿ ಗೋಲು ಹೊಡೆದಾರು ಎಂಬ ಎರಡು ನಿಮಿಷದ ಭಯಕ್ಕೆ ಅಷ್ಟು ಒಳ್ಳೆಯ ಕಿಕ್ ಬಿಟ್ಟುಕೊಟ್ಟೆವು. ಐದನೇ ಕಿಕ್, ಪ್ರಾಕ್ಟೀಸಿನಲ್ಲಿ ಎಂದೂ ಪೆನಾಲ್ಟಿ ಒದೆಯದ ಹುಡುಗನ ಪಾಲಿಗೆ ಬಂತು. ಬಾರ್ ಮೇಲೆ ಹೋಯಿತು. ಆ ಹುಡುಗನದು ಏನೇನೂ ತಪ್ಪಿಲ್ಲ.

ನಿಜವಾದ ಲಾಟರಿ ಅಂದರೆ 1968ರ ಯೂರೋ (ಯುರೋಪಿನ ದೇಶಗಳ ಕಪ್) ಸೆಮಿಫೈನಲ್. ಇಟಲಿ–ಸೋವಿಯತ್ ಒಕ್ಕೂಟ, ಎಕ್ಸ್‌ಟ್ರಾ ಟೈಮ್ ಮುಗಿದರೂ 0-0. ನಾಣ್ಯ ಚಿಮ್ಮಿಸಿದರು, ಇಟಲಿ ಫೈನಲ್‌ಗೆ ಹೋಯಿತು. ಅಂಥ ಅನ್ಯಾಯ ಸಾಕೆಂದೇ 1970ರಲ್ಲಿ ಶೂಟೌಟ್ ನಿಯಮ ಬಂದದ್ದು. ಶೂಟೌಟ್ ಹಾಗಲ್ಲ. 2023ರಲ್ಲಿ ನಮ್ಮ ಕಂಠೀರವದಲ್ಲೇ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಫೈನಲ್ ನಡೆಯಿತಲ್ಲ, ಭಾರತ–ಕುವೈತ್. ಐದೈದು ಕಿಕ್ ಆದಾಗ 4-4. ಆರನೇ ಕಿಕ್ಕಿನಲ್ಲಿ ನಮ್ಮ ಮಹೇಶ್ ಸಿಂಗ್ ಗೋಲು ಹೊಡೆದರು, ಅವರದನ್ನು ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಹಾರಿ ತಡೆದರು, ಕಪ್ ನಮ್ಮದಾಯಿತು. ಅದನ್ನು ಅದೃಷ್ಟ ಅಂದರೆ ಆ ಗೋಲ್‌ಕೀಪರಿಗೆ ಮಾಡುವ ಅವಮಾನ.

ಇನ್ನು ನಿಮ್ಮ ಟೂರ್ನಿ. ದಿನಕ್ಕೆರಡು ಪಂದ್ಯ ಆಡಿಸುವುದಾದರೆ ಎಕ್ಸ್‌ಟ್ರಾ ಟೈಮ್ ಬೇಡವೇ ಬೇಡ, ಹುಡುಗರ ಕಾಲು ಉಳಿಯುವುದಿಲ್ಲ. ಫೈನಲ್‌ಗೆ ಮಾತ್ರ ಇಡಿ. ಗೋಲ್ಡನ್ ಗೋಲ್ (ಎಕ್ಸ್‌ಟ್ರಾ ಟೈಮಿನಲ್ಲಿ ಮೊದಲು ಗೋಲು ಹೊಡೆದವರೇ ಗೆದ್ದಂತೆ) ಬೇಕೆಂದು ಯಾರಾದರೂ ಹಟ ಹಿಡಿದರೆ ಒಪ್ಪಬೇಡಿ. ಸೋಲುವ ಹೆದರಿಕೆಗೆ ಎರಡೂ ಕಡೆಯವರು ಹಿಂದೆ ಸರಿದು ನಿಲ್ಲುತ್ತಾರೆ, 2004ರಲ್ಲೇ ಅದನ್ನು ಕೈಬಿಟ್ಟಾಗಿದೆ.

ಐದು ಹೆಸರು ಬರೆದುಕೊಂಡರೆ ಆಯಿತು ಅಂತಲೂ ಅಂದುಕೊಳ್ಳಬೇಡಿ. ಎಲ್ಲರದೂ ಒಂದು ಸುತ್ತು ಮುಗಿಯದೆ ಯಾರೂ ಎರಡನೇ ಸಲ ಒದೆಯುವಂತಿಲ್ಲ, ಗೋಲ್‌ಕೀಪರ್ ಕೂಡ ಒದೆಯಬೇಕಾದೀತು. ಅದೇ 2023ರಲ್ಲಿ, ದೇಶದ ಫುಟ್‌ಬಾಲ್ ಲೀಗ್ ಆದ ಐಎಸ್‌ಎಲ್ ಸೆಮಿಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಮುಂಬೈಯನ್ನು ಸೋಲಿಸಿದ್ದು ಶೂಟೌಟಿನಲ್ಲಿ 9-8ರಿಂದ. ಮೊದಲ ಪಂದ್ಯಕ್ಕೆ ಮುಂಚೆಯೇ ಈ ನಿಯಮಗಳನ್ನೆಲ್ಲ ಕನ್ನಡದಲ್ಲಿ ಒಂದು ಹಾಳೆಗೆ ಬರೆದು, ಕ್ಯಾಪ್ಟನ್‌ಗಳಿಗಷ್ಟೇ ಅಲ್ಲ, ಬೆಂಚಿನಲ್ಲಿ ಕೂರುವವರಿಗೂ ಓದಿಸಿ ಸಹಿ ಹಾಕಿಸಿಕೊಳ್ಳಿ.