ಓದುಗರ ಪ್ರಶ್ನೆ: ಓಡೋಕೆ ಅಮೈನೊ ಡಬ್ಬಿ ಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 27 ವರ್ಷ, ತೂಕ 62 ಕೆಜಿ. ಹಾಫ್ ಮ್ಯಾರಥಾನ್‌ಗೆ ತಯಾರಿ ಮಾಡುತ್ತಿದ್ದೇನೆ. ಬೆಳಿಗ್ಗೆ ಐದಕ್ಕೆ ಬರೀ ಚಹಾ ಕುಡಿದು ಅಪ್ಪನ ಕೆರೆ ಕಡೆ ಓಡುತ್ತೇನೆ. ಭಾನುವಾರ ಎರಡು ತಾಸಿನ ಓಟ. 14 ಕಿಲೋಮೀಟರ್ ಆದಮೇಲೆ ಕಾಲು ಎತ್ತಿಡೋಕೆ ಆಗಲ್ಲ, ಮರುದಿನ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಳ್ಳುತ್ತದೆ. ಹನ್ನೊಂದಕ್ಕೆ ಸುಸಲಾ, ಮಧ್ಯಾಹ್ನ ಮೂರು ರೊಟ್ಟಿ, ಪುಂಡಿ ಪಲ್ಯ, ರಾತ್ರಿ ಅನ್ನ ಸಾರು. ಜಿಮ್‌ನ ಗೆಳೆಯ ಬಿಸಿಎಎ ತಗೋ ಅನ್ನುತ್ತಾನೆ. ಡಬ್ಬಿಗೆ 1,800 ರೂಪಾಯಿ. ತಗೊಳ್ಳಲಾ?
– ಓದುಗ, ಕಲಬುರಗಿ

ಉತ್ತರ: ಬೇಡ. ಆ ದುಡ್ಡು ಒಳ್ಳೆ ಶೂಗೆ ಸೇರಿಸಿ.

ಯಾಕೆ ಅಂತ ಹೇಳುತ್ತೇನೆ. ಬಿಸಿಎಎ ಅಂದ್ರೆ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಅನ್ನುವ ಮೂರು ಅಮೈನೊ ಆಮ್ಲ. ಮೈಯೊಳಗಿನ ಪ್ರೋಟೀನ್ ತಯಾರಾಗೋಕೆ 20 ಅಮೈನೊ ಆಮ್ಲ ಬೇಕು. ಅದರಲ್ಲಿ 9 ಊಟದಿಂದಲೇ ಬರಬೇಕು, ಮೈ ತಾನಾಗಿ ಮಾಡಿಕೊಳ್ಳಲ್ಲ. ಡಬ್ಬಿಯಲ್ಲಿರುವುದು ಆ ಒಂಬತ್ತರಲ್ಲಿ ಮೂರು ಮಾತ್ರ. ಲ್ಯೂಸಿನ್ ಒಂಥರಾ ಮೇಸ್ತ್ರಿ, ಸ್ನಾಯುವಿಗೆ ‘ಕೆಲಸ ಶುರು ಮಾಡ್ರಿ’ ಅಂತ ಹೇಳೋದು ಅದೇ. ಆದರೆ ಶಹಾಬಾದ್ ಕಲ್ಲೂ ಇಲ್ಲ, ಸಿಮೆಂಟೂ ಇಲ್ಲ ಅಂದ್ರೆ ಮೇಸ್ತ್ರಿ ಬಂದು ಏನು ಮಾಡ್ತಾನೆ?

ಇನ್ನೊಂದು ವಾದವೂ ಇದೆ. ದೂರ ಓಡುವಾಗ ರಕ್ತದಲ್ಲಿ ಈ ಮೂರು ಕಡಿಮೆಯಾಗುತ್ತವೆ, ಆಗ ಟ್ರಿಪ್ಟೊಫಾನ್ ಅನ್ನುವ ಇನ್ನೊಂದು ಅಮೈನೊ ಆಮ್ಲ ಜಾಸ್ತಿ ಮಿದುಳಿಗೆ ಹೋಗುತ್ತದೆ, ಅಲ್ಲಿ ಸಿರೊಟೋನಿನ್ ಅನ್ನುವ ರಾಸಾಯನಿಕ ಆಗಿ ಸುಸ್ತು ತರುತ್ತದೆ ಅಂತ. 1980ರ ದಶಕದಲ್ಲಿ ಆಕ್ಸ್‌ಫರ್ಡ್‌ನ ಎರಿಕ್ ನ್ಯೂಸ್‌ಹೋಮ್ ಮುಂದಿಟ್ಟ ವಿಚಾರ ಇದು. ಕೇಳೋಕೆ ಚೆನ್ನಾಗಿದೆ. ಆದರೆ ಓಡಿಸಿ ನೋಡಿದಾಗ ಫಲಿತಾಂಶ ಒಂದೊಂದು ಕಡೆ ಒಂದೊಂದು ಥರ ಬಂತು. ಮೈಕೈ ನೋವು ಸ್ವಲ್ಪ ಕಡಿಮೆಯಾಯಿತು ಅಂತ ಕೆಲವು ಅಧ್ಯಯನ ಹೇಳುತ್ತವೆ. ಓಟದ ಟೈಮ್ ಇಳಿಯುತ್ತದೆ ಅನ್ನೋಕೆ ಗಟ್ಟಿ ಆಧಾರ ಇಲ್ಲ.

ನಿಮ್ಮ ತೊಂದರೆ ನಿಮ್ಮ ಪತ್ರದಲ್ಲೇ ಇದೆ. ಏಳಕ್ಕೆ ಓಟ ಮುಗಿಸಿ ಹನ್ನೊಂದರ ತನಕ ಬಾಯಿಗೆ ಏನೂ ಇಲ್ಲ! ದೂರ ಓಡುವವರಿಗೆ ಕೆಜಿ ತೂಕಕ್ಕೆ ದಿನಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು. ನಿಮಗೆ 75ರಿಂದ 100 ಗ್ರಾಂ. ನೀವು ಬರೆದ ಊಟ ಲೆಕ್ಕ ಹಾಕಿದರೆ 50 ಗ್ರಾಂ ಆಸುಪಾಸು ಬರುತ್ತದೆ, ಅಷ್ಟೇ. ಈ ಕೊರತೆಯನ್ನು ದಿನಕ್ಕೆ 5 ಗ್ರಾಂ ಪುಡಿ ತುಂಬಲ್ಲ.

ಓಟ ಮುಗಿದ ತಾಸಿನೊಳಗೆ ಎರಡು ಮೊಟ್ಟೆ, ಒಂದು ಲೋಟ ಹಾಲು ಆದರೆ 18 ಗ್ರಾಂ ಆಯಿತು. ಮೊಟ್ಟೆ ತಿನ್ನಲ್ಲವಾ? 50 ಗ್ರಾಂ ಪುಟಾಣಿ ಜೇಬಿಗೆ ಹಾಕಿಕೊಳ್ಳಿ, 11 ಗ್ರಾಂ. ಮಧ್ಯಾಹ್ನ ರೊಟ್ಟಿ ಜೊತೆ ಪುಂಡಿ ಪಲ್ಯ ಇರಲಿ, ಆದರೆ ಬಟ್ಟಲು ತುಂಬ ಗಟ್ಟಿ ತೊಗರಿ ಬೇಳೆಯೂ ಇರಲಿ. ತಿಳಿ ಸಾರಲ್ಲ, ರೊಟ್ಟಿಯಲ್ಲಿ ಹಿಡಿದರೆ ನಿಲ್ಲುವಂಥ ಬೇಳೆ. ಶೇಂಗಾ ಹಿಂಡಿಗೆ ಮೊಸರು ಕಲಸಿಕೊಳ್ಳಿ. ರಾತ್ರಿ ಮಡಕಿ ಕಾಳಿನ ಪಲ್ಯವೋ ಸೋಯಾ ಚಂಕ್ಸೋ ಮಾಡಿಸಿ. ಒಣ ಚಂಕ್ಸ್‌ನಲ್ಲಿ ಅರ್ಧಕ್ಕರ್ಧ ಪ್ರೋಟೀನೇ.

ನಮ್ಮ ಊಟಕ್ಕೆ ಏನು ಕಡಿಮೆ ಹೇಳಿ? ಜೋಳದಲ್ಲಿ ಲೈಸಿನ್ ಅನ್ನುವ ಅಮೈನೊ ಆಮ್ಲ ಕಡಿಮೆ, ತೊಗರಿಯಲ್ಲಿ ಜಾಸ್ತಿ. ತೊಗರಿಯಲ್ಲಿ ಮೆಥಿಯೋನಿನ್ ಅನ್ನುವ ಇನ್ನೊಂದು ಕಡಿಮೆ, ಅದನ್ನು ಜೋಳ ಕೊಡುತ್ತದೆ. ಇನ್ನು ಗೆಳೆಯ ಹೊಗಳುವ ಆ ಲ್ಯೂಸಿನ್ ಜೋಳದಲ್ಲಿ ಧಾರಾಳ, 100 ಗ್ರಾಂ ಹಿಟ್ಟಿಗೆ 1.2 ಗ್ರಾಂ ಇರುತ್ತದೆ. ಎಷ್ಟು ಧಾರಾಳ ಅಂದ್ರೆ, ಜೋಳವನ್ನೇ ನಂಬಿ ಬದುಕಿದ ಬಡವರಲ್ಲಿ ಪೆಲಾಗ್ರಾ (ಬಿ3 ಜೀವಸತ್ವದ ಕೊರತೆಯ ಕಾಯಿಲೆ) ಬರೋಕೆ ಈ ಲ್ಯೂಸಿನ್ನೇ ಕಾರಣ ಇರಬಹುದು ಅಂತ 1960ರ ದಶಕದಲ್ಲಿ ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು ವಾದಿಸಿದ್ದರು. ಆ ವಾದವನ್ನು ಎಲ್ಲರೂ ಒಪ್ಪಲಿಲ್ಲ, ಅದು ಬೇರೆ ಮಾತು. ಎರಡು ರೊಟ್ಟಿ, 50 ಗ್ರಾಂ ಬೇಳೆ, ದೊಡ್ಡ ಬಟ್ಟಲು ಮೊಸರು ಸೇರಿದರೆ ಒಂದು ಸ್ಕೂಪ್ ಬಿಸಿಎಎಯಲ್ಲಿರುವಷ್ಟು ಲ್ಯೂಸಿನ್ ಹತ್ತಿರ ಹತ್ತಿರ ಬಂತು. ಹಾಂ, ಬೇಯಿಸಿದ ಜೋಳದ ಪ್ರೋಟೀನ್ ಪೂರ್ತಿ ಜೀರ್ಣವಾಗಲ್ಲ. ಅದಕ್ಕೇ ಮೊಸರು, ಬೇಳೆ ಬಿಡಬೇಡಿ ಅನ್ನೋದು. 2019ರಲ್ಲಿ ಜಿಐ ಟ್ಯಾಗ್ ಸಿಕ್ಕ ತೊಗರಿ ಬೆಳೆಯುವ ಊರಲ್ಲಿ ಕೂತು ಡಬ್ಬಿಗೆ ಆಸೆಪಡೋದು ಯಾಕೋ ನನಗೆ ಸರಿ ಕಾಣಲ್ಲ.

14ನೇ ಕಿಲೋಮೀಟರಿನ ಕಥೆ ಬೇರೆ. ಅಲ್ಲಿ ಮುಗಿಯೋದು ಬಹುಶಃ ಗ್ಲೈಕೋಜೆನ್, ಅಂದ್ರೆ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ. ಒಂದೂವರೆ ತಾಸು ಮೀರಿದ ಓಟಕ್ಕೆ ತಾಸಿಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಹೊರಡುವ ಮುಂಚೆ ಒಂದು ಬಾಳೆಹಣ್ಣು, ದಾರಿಯಲ್ಲಿ ಬೆಲ್ಲದ ಚೂರು, ಸಕ್ಕರೆ ಉಪ್ಪು ಹಾಕಿದ ನಿಂಬೆ ಶರಬತ್ತು. ಇಷ್ಟು ಮಾಡಿ ನೋಡಿ, ಫರಕು ಮೊದಲ ಭಾನುವಾರವೇ ಗೊತ್ತಾಗಬಹುದು. ಬೇಸಿಗೆಯಲ್ಲಿ ಓಟದ ಮುಂಚೆ ಒಮ್ಮೆ, ಬಂದಮೇಲೆ ಬೆವರು ಒರೆಸಿಕೊಂಡು ಒಮ್ಮೆ ತೂಕ ನೋಡಿ. ಒಂದು ಕೆಜಿ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹೋಗಿದೆ. ತೂಕ ಏರಿದ್ದರೆ ನೀರು ಜಾಸ್ತಿ ಕುಡಿದಿದ್ದೀರಿ, ಅದೂ ಅಪಾಯವೇ.

ಪುಡಿ ಬೇಕೇ ಬೇಕು ಅಂದ್ರೆ ಹಾಲಿನಿಂದ ತೆಗೆಯುವ ವೇ ಪ್ರೋಟೀನ್ ನೋಡಿ, ಅದರಲ್ಲಿ ಊಟದಿಂದಲೇ ಬರಬೇಕಾದ ಒಂಬತ್ತೂ ಅಮೈನೊ ಇರುತ್ತವೆ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿಯ 14 ಅಂಕಿ ಇದೆಯಾ ನೋಡಿ. ಆಮೇಲೆ ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿ. ಗ್ಲೈಸಿನ್, ಟಾರಿನ್ ಅಂತ ಬೇರೆಯಾಗಿ ಸೇರಿಸಿದ್ದರೆ ಅಲ್ಲೇ ಇಟ್ಟು ಬನ್ನಿ. ಲ್ಯಾಬಿನಲ್ಲಿ ಸಾಮಾನ್ಯವಾಗಿ ಅಳೆಯೋದು ಸಾರಜನಕವನ್ನು, ಪ್ರೋಟೀನ್ ಎಷ್ಟು ಅಂತ ಅದರಿಂದ ಲೆಕ್ಕ ಹಾಕುತ್ತಾರೆ. ಅಗ್ಗದ ಅಮೈನೊ ಬೆರೆಸಿ ಆ ಅಂಕಿ ಏರಿಸುವವರು ಇದ್ದಾರೆ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಯಾವ ಪುಡಿಯನ್ನೂ ಮುಟ್ಟಬಾರದು.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ, ನೆಹರೂ ಕ್ರೀಡಾಂಗಣದಲ್ಲಿ 10,000 ಮೀಟರ್‌ಗೆ ಅಭ್ಯಾಸ ಮಾಡುತ್ತೇನೆ. ಬೇಗ ಏದುಸಿರು ಬರುತ್ತದೆ ಅಂದಿದ್ದಕ್ಕೆ ಒಂದು ಅಂಗಡಿಯಲ್ಲಿ ಆರ್ಜಿನಿನ್, ಬೀಟಾ ಅಲನಿನ್ ಅನ್ನುವ ಅಮೈನೊ ಆಮ್ಲ ಕೊಟ್ಟರು. ಕುಡಿದ ಮೇಲೆ ಮುಖ, ಕೈ ಚುರುಚುರು ಅನ್ನುತ್ತದೆ. ಅಲರ್ಜಿನಾ?
– ಓದುಗಳು, ಬೀದರ್

ಉತ್ತರ: ಅಲರ್ಜಿ ಇರಲಿಕ್ಕಿಲ್ಲ. ಬೀಟಾ ಅಲನಿನ್ ಒಂದೇ ಸಲ ಜಾಸ್ತಿ ತಗೊಂಡರೆ ಹಾಗಾಗುತ್ತದೆ, ತಾನೇ ಇಳಿಯುತ್ತದೆ. ದದ್ದು, ಊತ, ಉಸಿರು ಕಟ್ಟೋದು ಇದ್ದರೆ ಮಾತ್ರ ತಕ್ಷಣ ಡಾಕ್ಟರ್ ಹತ್ತಿರ ಹೋಗಿ. ಆದರೆ ಬೀಟಾ ಅಲನಿನ್ ಕೆಲಸಕ್ಕೆ ಬರೋದು ಒಂದರಿಂದ ನಾಲ್ಕು ನಿಮಿಷದ ಜೋರು ಓಟಕ್ಕೆ. ನಿಮ್ಮದು 25 ಸುತ್ತು! ಆರ್ಜಿನಿನ್ ನುಂಗಿದರೆ ಬಹುಪಾಲು ಕರುಳು, ಲಿವರ್‌ನಲ್ಲೇ ಖರ್ಚಾಗಿ ಹೋಗುತ್ತದೆ. ಎರಡನ್ನೂ ನಿಲ್ಲಿಸಿ.

ನನಗೆ ಅನುಮಾನ ಇರೋದು ರಕ್ತದ ಮೇಲೆ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವುದು) ಎರಡನ್ನೂ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಅದು ಸರಿ ಇದ್ದು ಫೆರಿಟಿನ್ ಮಾತ್ರ ತಳ ಕಂಡಿರೋದೂ ಉಂಟು, ಓಡುವ ಹುಡುಗಿಯರಲ್ಲಿ ಇದು ಬಹಳ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದ್ದರೆ ಸಂಕೋಚ ಬಿಟ್ಟು ಡಾಕ್ಟರಿಗೆ ಹೇಳಿ. ಊಟದ ಜೊತೆ ಚಹಾ ಬೇಡ, ಕಬ್ಬಿಣದ ಅಂಶ ಮೈಗೆ ಹತ್ತೋಕೆ ಬಿಡಲ್ಲ. ತಟ್ಟೆಯ ಊಟಕ್ಕೆ ನಿಂಬೆ ಹಿಂಡಿಕೊಳ್ಳಿ. ರಿಪೋರ್ಟ್ ನೋಡದೆ ಸುಮ್ನೆ ಕಬ್ಬಿಣದ ಮಾತ್ರೆ ಶುರು ಮಾಡಬೇಡಿ.

ಪ್ರಶ್ನೆ: ನನ್ನ ತಮ್ಮ ವಿಶ್ವವಿದ್ಯಾಲಯದ ಪರವಾಗಿ ಓಡುತ್ತಾನೆ. ಸ್ಪರ್ಧೆಯ ಹಿಂದಿನ ದಿನ ಊರಿನ ಡಾಕ್ಟರ ಹತ್ತಿರ ಅಮೈನೊ ಇರುವ ಸಲೈನ್ ಹಚ್ಚಿಸಿಕೊಂಡು ಬರುತ್ತಾನೆ. ಡೋಪಿಂಗ್ ಆಗುತ್ತದಾ?
– ಓದುಗ, ಯಾದಗಿರಿ

ಉತ್ತರ: ಆಗಬಹುದು, ಈಗಲೇ ನಿಲ್ಲಿಸಿ. ಅಮೈನೊ ಆಮ್ಲ ನಿಷೇಧಿತ ಅಲ್ಲ, ಅದನ್ನು ನರಕ್ಕೆ ಏರಿಸುವ ರೀತಿ ನಿಷೇಧಿತ. 12 ತಾಸಿನಲ್ಲಿ 100 ಮಿಲಿಲೀಟರ್‌ಗಿಂತ ಜಾಸ್ತಿ ದ್ರವ ನರದ ಮೂಲಕ ತಗೊಳ್ಳುವಂತಿಲ್ಲ ಅಂತ ವಾಡಾ (ವಿಶ್ವ ಡೋಪಿಂಗ್ ತಡೆ ಸಂಸ್ಥೆ) ನಿಯಮ ಇದೆ. ಬಾಟಲಿಯಲ್ಲಿ ಬರೀ ಉಪ್ಪುನೀರಿದ್ದರೂ ಅಷ್ಟೇ. ನಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆ ನಾಡಾದವರು ಪರೀಕ್ಷೆಗೆ ಬಂದಾಗ ‘ಡಾಕ್ಟರ್ ಹಚ್ಚಿದ್ರು, ನನಗೆ ಗೊತ್ತಿರಲಿಲ್ಲ’ ಅಂದ್ರೆ ಕೇಳಲ್ಲ, ಜವಾಬ್ದಾರಿ ಆಟಗಾರನದ್ದೇ. ಸುಸ್ತು ಅಂತ ಹಚ್ಚೋ ಸಲೈನ್‌ನಿಂದ ಬರುವ ಲಾಭ ಒಂದು ತಂಬಿಗೆ ಉಪ್ಪು ಮಜ್ಜಿಗೆ, ಹೊಟ್ಟೆ ತುಂಬ ಊಟದಿಂದಲೂ ಬರುತ್ತದೆ. ನಿಜವಾಗಿ ವಾಂತಿ ಭೇದಿಯಾಗಿ ಆಸ್ಪತ್ರೆಗೆ ಸೇರಿಸಿದರೆ ವಿನಾಯಿತಿ ಇದೆ. ಆಗ ಡಿಸ್ಚಾರ್ಜ್ ಕಾಗದ, ಔಷಧಿ ಚೀಟಿ ಎಲ್ಲ ಜೋಪಾನವಾಗಿ ಇಟ್ಟುಕೊಳ್ಳಲಿ.