ಎರಡು ಹಸುವಿನವರಿಗೆ ಡೇರಿಯೇ ವಾಸಿ

ಎರಡು ಹಸು ಕಟ್ಟಿಕೊಂಡವರು ಹಾಲನ್ನು ಊರಿನ ಹಾಲು ಉತ್ಪಾದಕರ ಸಂಘಕ್ಕೆ, ಅಂದರೆ ಡೇರಿಗೆ ಹಾಕಬೇಕೋ, ಮನೆ ಬಾಗಿಲಿಗೆ ಬರುವ ವ್ಯಾಪಾರಿಗೋ ಎಂದು ಕೇಳಿದ್ದೀರಿ. ನನ್ನ ಓಟು ಸಂಘಕ್ಕೆ. ಒಂದೂವರೆ ಲೀಟರ್ ತಂದವರನ್ನೂ ಅಲ್ಲಿ ವಾಪಸು ಕಳಿಸುವುದಿಲ್ಲ. ವ್ಯಾಪಾರಿ ಮುಂಗಡ ಕೊಡುತ್ತಾನೆ, ನಿಜ. ಹಾಲು ಹೆಚ್ಚಾಗುವ ಮಳೆಗಾಲದಲ್ಲಿ ಅವನು ಹೇಳಿದ್ದೇ ದರ. ನಮ್ಮ ಮನೆಯಲ್ಲಿ ಅದನ್ನು ಅನುಭವಿಸಿದ್ದೇವೆ. ಸರ್ಕಾರದ ಕ್ಷೀರಧಾರೆ ಯೋಜನೆಯ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವೂ ಸಂಘಕ್ಕೆ ಹಾಕಿದ ಹಾಲಿಗೆ ಮಾತ್ರ. ಅದು ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ, ಅದನ್ನು ನೆಚ್ಚಿ ಹಿಂಡಿಯ ಸಾಲ ಮಾಡಬೇಡಿ.

ಹಾಲು ಅಳೆದ ಮೇಲೆ ಚೀಟಿ ಪಡೆಯದೆ ಬರಬೇಡಿ. ಜಿಡ್ಡು, ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಹಾಲಿನಲ್ಲಿರುವ ಉಳಿದ ಗಟ್ಟಿ ಅಂಶ) ಎಷ್ಟು ಬಂತೆಂದು ಅಲ್ಲೇ ನೋಡಿ; ದುಡ್ಡು ನಿಂತಿರುವುದು ಅವೆರಡರ ಮೇಲೆ. ಸದಸ್ಯತ್ವ ಮತ್ತು ಬ್ಯಾಂಕ್ ಖಾತೆ ಹಾಲು ಕರೆಯುವವರ ಹೆಸರಿನಲ್ಲಿಯೇ ಇರಲಿ. ನಮ್ಮಲ್ಲಿ ಕರೆಯುವುದು ಅಮ್ಮ, ಖಾತೆ ಮಾತ್ರ ಅಪ್ಪನದಾಗಿತ್ತು!